ಐವತ್ತು ಸ್ಕ್ವೇರಿನ ಸುಖ

ಹೊಸ ಕೇಬಲ್ ತರಲು ಹೋಗುವ ದಿನ ನಾನು ತುಸು ಬೇಗನೇ ಏಳುತ್ತೇನೆ. ಹೆಂಡತಿಗೆ ಇದು ಗೊತ್ತಾಗಿಬಿಡುತ್ತದೆ. "ಸೀರಿ ತರಾಕ ಹೊಂಟಾಗ ಇಷ್ಟು ಲಗೂನ ಎದ್ದದ್ದು ನೋಡಿಲ್ಲ ನಾ" ಎಂದು ಚಹಾ ಕೈಗಿಡುತ್ತಾಳೆ. ಮಾತು ಸುಳ್ಳಲ್ಲ. ಸೀರೆ ಅಂಗಡಿಯಲ್ಲಿ ನನ್ನದೇನೂ ನಡೆಯುವುದಿಲ್ಲ. ವೆಲ್ಡಿಂಗ್ ಕೇಬಲ್ ಅಂಗಡಿಯಲ್ಲಿ ನಾನೇ ದೊರೆ. ಧಾರವಾಡದಿಂದ ಹೊರಟು ಹುಬ್ಬಳ್ಳಿಯ ಅಂಗಡಿಯವನು ಬಾಗಿಲೆತ್ತುವ ಹೊತ್ತಿಗೆ ಎದುರಿಗಿರಬೇಕು. ಬೆಳಗಿನ ಬಿಸಿಲು ಅಂಗಡಿಯೊಳಗೆ ಓರೆಯಾಗಿ ಬೀಳುವಾಗ ಆಗತಾನೇ ಕತ್ತರಿಸಿದ ತಾಮ್ರದ ತುದಿ ಹೇಗೆ ಹೊಳೆಯುತ್ತದೆ ಎಂಬುದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದವರಿಗೆ ಹೇಳಿ ತಿಳಿಸುವುದು ಕಷ್ಟ.

ಆ ತುದಿಯಿಂದಲೇ ಶುರು ಮಾಡುತ್ತೇನೆ. ಅಂಗಡಿಯ ಹುಡುಗ ಸುರುಳಿಯಿಂದ ಕೇಬಲ್ ಎಳೆದು, ಮೇಜಿಗೆ ಹೊಡೆದ ಎರಡು ಮೊಳೆಗಳ ನಡುವೆ ಮೀಟರು ಎಣಿಸಿ, ಉದ್ದ ಹಿಡಿಕೆಯ ಕಟ್ಟರನ್ನು ಎರಡೂ ಕೈಯಲ್ಲಿ ಒತ್ತುತ್ತಾನೆ. ಬಾಳೆದಿಂಡು ತುಂಡಾದಂಥ ಒಂದು ತುಂಬು ಸದ್ದು. ಕರಿ ರಬ್ಬರಿನ ದಪ್ಪ ಉಂಗುರದ ನಡುವೆ ನಸುಗೆಂಪಾದ, ಗುಲಾಬಿಗೂ ಕಿತ್ತಳೆಗೂ ನಡುವೆ ಎಲ್ಲೋ ನಿಲ್ಲುವ ಒಂದು ಬಣ್ಣ. ಗಾಳಿ ತಾಗದ ತಾಮ್ರಕ್ಕಷ್ಟೇ ಇರುವ ಬಣ್ಣ ಅದು. ಕೆಲವು ದಿನ ಬಿಟ್ಟು ನೋಡಿದರೆ ಕಂದಿರುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರೆ ಎಳೆಗಳು ಬಿಚ್ಚಿಕೊಂಡು ಅರಳುತ್ತವೆ. ಬೇಸಿಗೆಯಲ್ಲಿ ನಮ್ಮವ್ವ ಎಳೆದು ಕೋಲಿನ ಮೇಲೆ ಒಣಹಾಕುತ್ತಿದ್ದ ಕೈಶಾವಿಗೆ ನೆನಪಾಗುತ್ತದೆ. ಎಳೆಯೊಂದರ ದಪ್ಪ 0.2 ಮಿಲಿಮೀಟರ್. ಇಂಥ ಎಳೆಗಳು ಒಂದೂವರೆ ಸಾವಿರಕ್ಕೂ ಮಿಕ್ಕಿ ಸೇರಿದರೆ 50 ಚದರ ಮಿಲಿಮೀಟರಿನ ಕೇಬಲ್. ಪೇಟೆಯ ಮಾತಿನಲ್ಲಿ 'ಐವತ್ತು ಸ್ಕ್ವೇರು'. 

ಇಷ್ಟು ಸಣ್ಣ ಎಳೆ ಯಾಕೆ ಎಂದು ಬಹಳ ಮಂದಿ ಕೇಳುತ್ತಾರೆ. ಅಷ್ಟೇ ದಪ್ಪದ ಒಂದೇ ಸರಳು ಹಾಕಿದರೂ ಕರೆಂಟು ಹರಿಯುತ್ತದಲ್ಲ? ಹರಿಯುತ್ತದೆ. ಆದರೆ ಆ ಸರಳನ್ನು ಒಮ್ಮೆ ಬಗ್ಗಿಸಿ ನೋಡಿ. ಬಗ್ಗಿದ ಕಡೆ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಹತ್ತಾರು ಸಲ ಹೀಗಾದರೆ ಲೋಹ ಸುಸ್ತಾಗಿ ಸೀಳುತ್ತದೆ. ಎಳೆ ಸಣ್ಣದಾದಷ್ಟೂ ಈ ಹಿಗ್ಗು ಕುಗ್ಗಿನ ಸಂಕಟ ಕಡಿಮೆ. ಅದಕ್ಕೇ ಎಳೆಗಳನ್ನು ಕಂತೆ ಮಾಡಿ ಹುರಿ ಹಾಕುತ್ತಾರೆ, ಆ ಹುರಿಗಳನ್ನು ಸೇರಿಸಿ ಮತ್ತೊಂದು ಹುರಿ. ಹಗ್ಗ ಹೊಸೆಯುವವರ ಜಾಣತನವೇ ಇಲ್ಲಿ ತಾಮ್ರಕ್ಕೆ ಬಂದಿದೆ. ಜೊತೆಗೆ ಹದ ಬೇರೆ. ಅಚ್ಚಿನ ತೂತಿನಿಂದ ಇನ್ನೂ ಸಣ್ಣ ತೂತಿಗೆ ಎಳೆಯುತ್ತ ಹೋದಂತೆ ತಾಮ್ರ ಸೆಟೆದುಕೊಳ್ಳುತ್ತದೆ. ಅದನ್ನು ಕಾಯಿಸಿ ಮತ್ತೆ ಮೆತ್ತಗೆ ಮಾಡಬೇಕು. ಒಳ್ಳೆಯ ಕೇಬಲಿನ ಎಳೆಯನ್ನು ಬೆರಳಿಗೆ ಸುತ್ತಿ ಬಿಟ್ಟರೆ ಅದು ಸುತ್ತಿಕೊಂಡೇ ಕೂರುತ್ತದೆ, ಸ್ಪ್ರಿಂಗಿನ ಹಾಗೆ ಚಿಮ್ಮುವುದಿಲ್ಲ. ತಾಮ್ರಕ್ಕೂ ರಬ್ಬರಿಗೂ ಮಧ್ಯೆ ತೆಳ್ಳಗಿನ ಒಂದು ಪಟ್ಟಿ ಸುತ್ತಿರುತ್ತಾರೆ, ಕಾಗದದ್ದೋ ಪಾಲಿಯೆಸ್ಟರಿನದೋ. ಹೋಳಿಗೆ ತಟ್ಟುವಾಗ ಕೆಳಗಿಡುವ ಬಾಳೆಎಲೆಯ ಹಾಗೆ, ಒಂದಕ್ಕೊಂದು ಅಂಟದಿರಲಿ ಎಂದು. ಆ ಪಟ್ಟಿ ಇರುವುದರಿಂದಲೇ ಕೇಬಲ್ ಬಾಗಿದಾಗ ಒಳಗಿನ ತಾಮ್ರ ರಬ್ಬರಿನೊಳಗೆ ತುಸುವೇ ಜಾರಿ ತನ್ನ ಜಾಗ ತಾನು ಮಾಡಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸುವವನಿಗೆ ಈ ಜಾರಾಟ ಕಾಣುವುದಿಲ್ಲ, ಮೆತ್ತಗಿದೆ ಎಂದಷ್ಟೇ ಅನ್ನಿಸುತ್ತದೆ.

ನನಗೆ ಈ ರುಚಿ ಹತ್ತಿಸಿದವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಟ್ರೇಲರ್ ಕಾರ್ಖಾನೆಯ ಮೇಸ್ತ್ರಿ. ಇಡೀ ಶೆಡ್ಡಿಗೆ ಅವರು ಚಾಚಾ. ನನ್ನ ಹೊಟ್ಟೆಪಾಡು ಬೇರೆ. ವೆಲ್ಡಿಂಗ್ ನನಗೆ ಖಯಾಲಿ, ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ರವಿವಾರದ ಕೆಲಸ. ಮೂವತ್ತು ವರ್ಷದ ಕೆಳಗೆ ಬೆಸುಗೆ ಕಲಿಯಲು ಅವರ ಹತ್ತಿರ ಹೋದಾಗ ಒಂದು ವಾರ ನನ್ನ ಕೈಗೆ ರಾಡು ಹಿಡಿಯುವ ಹೋಲ್ಡರನ್ನೇ ಕೊಡಲಿಲ್ಲ. ಸಂಜೆ ಕೇಬಲ್ ಒರೆಸಿ ಸುತ್ತಿಡುವ ಕೆಲಸ ಕೊಟ್ಟರು. ಸಿಟ್ಟು ಬಂದಿತ್ತು. ಎಂಟನೇ ದಿನ ಅವರ ಜೊತೆ ಕೇಬಲ್ ಖರೀದಿಗೆ ಹೋದಾಗಲೇ ಆ ಒಂದು ವಾರದಲ್ಲಿ ನನ್ನ ಅಂಗೈ ಏನೋ ಕಲಿತಿತ್ತು ಎಂದು ತಿಳಿದದ್ದು.

ಅಂಗಡಿಯಲ್ಲಿ ಚಾಚಾ ಮೊದಲು ಮಾತೇ ಆಡುತ್ತಿರಲಿಲ್ಲ. ಒಂದು ಮಾರು ಕೇಬಲ್ ಎಳೆದುಕೊಂಡು, ಒಂದು ತುದಿ ಹಿಡಿದು ಕೈ ನೇರ ಚಾಚುತ್ತಿದ್ದರು. ಒಳ್ಳೆಯ ಕೇಬಲ್ ಮುಷ್ಟಿಯ ಹೊರಗೆ ಬಂದ ಕೂಡಲೇ ಸೋತ ಹಾಗೆ ಕೆಳಗಿಳಿಯುತ್ತದೆ. ನೆರಿಗೆ ಹಿಡಿದ ಇಳಕಲ್ಲ ಸೀರೆ ಇಳಿಯುವ ಹಾಗೆ, ಭಾರವಾಗಿ, ನುಣ್ಣಗೆ, ಅವಸರವಿಲ್ಲದೆ. ಕಳಪೆಯದು ಕೋಲಿನ ಹಾಗೆ ಒಂದು ಗೇಣು ಮುಂದೆ ಚಾಚಿಕೊಂಡು ಆಮೇಲೆ ಮುರಿದಂತೆ ಬಾಗುತ್ತದೆ. ಇಳಿದ ಕೇಬಲನ್ನು ಮಡಚಿ ಒತ್ತಿ ಬಿಡುವುದು ಎರಡನೆಯದು. ಮಡಚಿದ ಕಡೆ ರಬ್ಬರಿನ ಮೇಲೆ ಬಿಳಿ ಗೆರೆ ಮೂಡಬಾರದು. ಉಗುರು ಒತ್ತಿದರೆ ಗುರುತು ಬಿದ್ದು ನಿಧಾನಕ್ಕೆ ಮಾಯವಾಗಬೇಕು. ಆಮೇಲೆ ಮೂಗು. ಚಾಚಾ ನಿಜವಾಗಿಯೂ ಮೂಸುತ್ತಿದ್ದರು! ಒಳ್ಳೆಯ ರಬ್ಬರಿಗೆ ಹೊಸ ಸೈಕಲ್ ಟಾಯರಿನ ಗಂಭೀರ ವಾಸನೆ. ಅಗ್ಗದ ಪಿವಿಸಿಯದು ಹೊಸ ರೇನ್‌ಕೋಟಿನ ಹಾಗೆ ಮೂಗಿಗೆ ರಾಚುವ ವಾಸನೆ. ಬೆಸುಗೆಯ ಕಿಡಿ ಬಿದ್ದಾಗ ರಬ್ಬರು ಒಂದು ಕಪ್ಪು ಚುಕ್ಕೆ ತಾಳಿಕೊಂಡು ಸುಮ್ಮನಾಗುತ್ತದೆ, ಪಿವಿಸಿ ಕರಗಿ ಕುಳಿಬೀಳುತ್ತದೆ. ಎಣ್ಣೆ, ಶಾಖ ತಡೆಯುವ ರಬ್ಬರಿನ ಮೇಲುಹೊದಿಕೆ ಇರುವುದನ್ನೇ ಕೊಳ್ಳಬೇಕು. ಹೊದಿಕೆಯ ಮೇಲೆ ಐಎಸ್ 9857 ಎಂದು ಅಚ್ಚಿದ್ದರೆ ಅದು ವೆಲ್ಡಿಂಗ್ ಕೇಬಲಿಗೆಂದೇ ಇರುವ ನಮ್ಮ ದೇಶದ ಮಾನಕ. ಚಾಚಾ ಅದನ್ನು ಕನ್ನಡಕ ಏರಿಸಿ ಓದುತ್ತಿದ್ದರು, ಆದರೂ ಮೂಸುವುದನ್ನು ಬಿಡುತ್ತಿರಲಿಲ್ಲ.

ಕೊನೆಯ ಪರೀಕ್ಷೆ ಬ್ಲೇಡಿನದು. ಒಂದೇ ಒಂದು ಎಳೆ ಕಿತ್ತು, ಉಗುರಿನ ಮೇಲಿಟ್ಟು, ಹಳೆಯ ಬ್ಲೇಡಿನಿಂದ ನವಿರಾಗಿ ಕೆರೆಯುವುದು. ಕೆಂಪಿನ ಕೆಳಗೆ ಮತ್ತೂ ಕೆಂಪೇ ಬಂದರೆ ಚಾಚಾ ಮುಖ ಅರಳುತ್ತಿತ್ತು. "ಜವಾರಿ ತಾಮ್ರ ಐತಿ ನೋಡೋ ತಮ್ಮಾ!" ಜವಾರಿ ಕೋಳಿ, ಜವಾರಿ ಬದನೆಕಾಯಿಯ ಸಾಲಿಗೆ ತಾಮ್ರವನ್ನೂ ಸೇರಿಸಿದ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಕೆರೆದಾಗ ಬಿಳಿ ಇಣುಕಿತೋ, ಒಳಗಿರುವುದು ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಅಲ್ಯುಮಿನಿಯಂ ಕೇಬಲ್ಲೇ ಮೋಸ ಎಂದು ನಾನು ಹೇಳುವುದಿಲ್ಲ. ಅಲ್ಯುಮಿನಿಯಂ ಎಂದು ಹೇಳಿಯೇ ಮಾರುವ ಕೇಬಲ್ ಇದೆ, ಹಗುರ, ಅಗ್ಗ, ಅದರದ್ದೇ ಜಾಗದಲ್ಲಿ ನಡೆಯುತ್ತದೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದು ಕರೆಂಟನ್ನು ಒಂದೂವರೆ ಪಟ್ಟಿಗೂ ಮಿಕ್ಕಿ ತಡೆಯುವುದರಿಂದ ಒಂದೆರಡು ಅಳತೆ ದಪ್ಪ ತೆಗೆದುಕೊಳ್ಳಬೇಕಷ್ಟೇ. ತಾಮ್ರದ ಬಣ್ಣ ಬಳಿದುಕೊಂಡು ತಾಮ್ರದ ದರಕ್ಕೆ ಬರುವುದು ಮಾತ್ರ ಕಳ್ಳ. ತಕ್ಕಡಿ ಅದನ್ನು ಕೂಡಲೇ ಹಿಡಿಯುತ್ತದೆ: ಐವತ್ತು ಸ್ಕ್ವೇರಿನ ಒಂದು ಮೀಟರಿನಲ್ಲಿ ತಾಮ್ರವೇ ಹೆಚ್ಚುಕಡಿಮೆ 450 ಗ್ರಾಂ ತೂಗಬೇಕು, ರಬ್ಬರು ಮೇಲಿನ ಮಾತು. ಅಲ್ಯುಮಿನಿಯಂ ಆದರೆ 135ರ ಆಸುಪಾಸು. ಆ ಭಾರ ಅಂಗೈಗೆ ಕೊಡುವ ನಂಬಿಕೆಯೇ ಬೇರೆ.

ಇನ್ನು ದಪ್ಪ ಎಷ್ಟಿರಬೇಕು? ಈ ಪ್ರಶ್ನೆಗೆ ಅಂಗಡಿಯವರು "ಎಷ್ಟು ಆಂಪಿಯರ್ ಮಷಿನ್ನು ಸರ?" ಎಂದು ಮಾತ್ರ ಕೇಳುತ್ತಾರೆ. ಅರ್ಧ ಪ್ರಶ್ನೆ ಅದು. ಇನ್ನರ್ಧ, ಎಷ್ಟು ದೂರ. ಚಾಚಾನ ಶೆಡ್ಡಿನಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ ಬಾಗಿಲ ಪಕ್ಕ ಮೀಟರ್ ಬೋರ್ಡಿನ ಹತ್ತಿರ ಕೂತಿತ್ತು. ಕಬ್ಬಿನ ಟ್ರೇಲರಿನ ಚಾಸಿ ಮೂವತ್ತು ಮೀಟರ್ ಒಳಗೆ. ಮಾಲಕರು ಉಳಿತಾಯದ ಮನುಷ್ಯ, 35 ಸ್ಕ್ವೇರ್ ತಂದುಕೊಟ್ಟಿದ್ದರು. ಹೋಗಲು ಮೂವತ್ತು, ಮರಳಲು ಮೂವತ್ತು, ಒಟ್ಟು ಅರವತ್ತು ಮೀಟರ್ ತಾಮ್ರ. 200 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು ಆರು ವೋಲ್ಟ್ ಸೋರಿಹೋಗುತ್ತದೆ. ಮನೆಯ 230 ವೋಲ್ಟಿನ ಲೆಕ್ಕದಲ್ಲಿ ಆರು ಯಾವ ಲೆಕ್ಕ! ಆದರೆ ರಾಡಿನ ತುದಿಯಲ್ಲಿ ಆರ್ಕ್ ಉರಿಯುವುದೇ 28 ವೋಲ್ಟಿನ ಆಸುಪಾಸು. ಆರು ಎಂದರೆ ಐದರಲ್ಲಿ ಒಂದು ಪಾಲು. ಸಾವಿರದ ನೂರು ವಾಟಿಗೂ ಮಿಕ್ಕಿ ಶಾಖ, ದೊಡ್ಡದೊಂದು ಇಸ್ತ್ರಿ ಪೆಟ್ಟಿಗೆಯಷ್ಟು, ಸುಮ್ಮನೆ ನೆಲದ ಮೇಲೆ ಮಲಗಿರುವ ರಬ್ಬರನ್ನು ಕಾಯಿಸಲು. ಹುಡುಗರು ರಾಡು ಅಂಟುತ್ತದೆ ಎಂದು ಮಷಿನ್ನಿನ ಚಕ್ರ ತಿರುಗಿಸಿ ಕರೆಂಟು ಏರಿಸುತ್ತಿದ್ದರು. ಚಾಚಾ ಮಷಿನ್ ಕಡೆ ತಿರುಗಿಯೂ ನೋಡದೆ, ಕೈಗವಸು ತೆಗೆದು, ಕೇಬಲ್ ಮೇಲೆ ಅಂಗೈ ಇಟ್ಟರು.

"ಬಿಸಿ ಆಗೈತಲ್ಲ? ರಾಡಿನ ಬಾಯಾಗಿನ ತುತ್ತು ಇದು ಕಸಗೊಂಡೈತಿ."

ಮರುವಾರ 50 ಸ್ಕ್ವೇರ್ ಬಂತು. ಸೋರಿಕೆ ನಾಲ್ಕು ವೋಲ್ಟಿಗೆ ಇಳಿಯಿತು. ಎಪ್ಪತ್ತು ಹಾಕಿದ್ದರೆ ಮೂರು. ಚಾಚಾಗೆ ಎಪ್ಪತ್ತರ ಆಸೆಯಿತ್ತು, ಮಾಲಕರ ಮುಖ ನೋಡಿ ನುಂಗಿಕೊಂಡರು. ಕೇಬಲ್ ಬದಲಾದ ದಿನದ ಸದ್ದು ನನಗಿನ್ನೂ ನೆನಪಿದೆ. ಅದುವರೆಗೆ ಚಟಪಟ ಸಿಡಿಯುತ್ತ, ನಡುನಡುವೆ ಉಸಿರು ಕಟ್ಟುತ್ತಿದ್ದ ಆರ್ಕ್ ಒಮ್ಮೆಲೇ ತುಂಬಿ ಬಂತು. ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಮೊದಲ ಕ್ಷಣದ ಗಲಾಟೆ ಅಡಗಿ ಆಮೇಲೆ ಒಂದೇ ಸಮನೆ ಬರುತ್ತದಲ್ಲ, ಆ ಸದ್ದು. ಮಷಿನ್ ಅದೇ, ರಾಡು ಅದೇ, ಕೈ ಅದೇ.

ಎಲ್ಲರಿಗೂ ಐವತ್ತು ಬೇಕಿಲ್ಲ, ಹೇಳಿಬಿಡುತ್ತೇನೆ. ಮನೆಯ ಗೇಟು, ಕಿಟಕಿಯ ಗ್ರಿಲ್ಲು ಮಾಡುವವರು ಹನ್ನೆರಡು ಗೇಜು, ಹತ್ತು ಗೇಜಿನ ರಾಡು ಉರಿಸುತ್ತಾರೆ, ಅಂದರೆ ಎರಡೂವರೆ, ಮೂರು ಚಿಲ್ಲರೆ ಮಿಲಿಮೀಟರಿನವು. ಹೆಚ್ಚೆಂದರೆ 130 ಆಂಪಿಯರ್. ಹತ್ತು ಮೀಟರಿನೊಳಗೆ 25 ಸ್ಕ್ವೇರ್ ಸಾಕು. ಬೆಸುಗೆ ಒಂದೇ ಸಮ ನಡೆಯುವುದೂ ಇಲ್ಲ. ರಾಡು ಬದಲಿಸುವ, ಸ್ಲ್ಯಾಗ್ ಬಡಿಯುವ, ಬೀಡಿ ಹಚ್ಚುವ ಹೊತ್ತಿನಲ್ಲಿ ಕೇಬಲ್ ಉಸಿರು ಬಿಡುತ್ತದೆ. ಹತ್ತು ನಿಮಿಷಕ್ಕೆ ಆರು ನಿಮಿಷ 200 ಆಂಪಿಯರ್ ಉರಿಸಿದರೆ ಕೇಬಲಿಗೆ ಆಗುವ ಶಾಖ ಬಿಡದೆ 155 ಹರಿಸಿದಷ್ಟೇ. ತಯಾರಕರ ಪಟ್ಟಿಗಳಲ್ಲಿ ಒಂದೇ ಕೇಬಲಿಗೆ ಮೂರು ನಾಲ್ಕು ಬೇರೆ ಬೇರೆ ಆಂಪಿಯರ್ ಅಂಕಿ ಬರೆದಿರುವುದು ಈ ಬಿಡುವಿನ ಲೆಕ್ಕಕ್ಕೆ. ಇಷ್ಟು ತಿಳಿದ ಮೇಲೂ, ಎರಡು ಅಳತೆಯ ನಡುವೆ ಮನಸ್ಸು ತೂಗಾಡಿದರೆ, ದಪ್ಪನೆಯದಕ್ಕೇ ನನ್ನ ಓಟು. 

ಅರ್ತಿಂಗ್ ಕೇಬಲ್ ವಿಷಯದಲ್ಲಿ ನಮ್ಮ ಜನ ಮಾಡುವ ಅನ್ಯಾಯ ನನಗೆ ತಡೆಯಲಾಗುವುದಿಲ್ಲ. ಅದನ್ನು ಅರ್ತಿಂಗ್ ಎಂದು ಕರೆಯುವುದರಿಂದಲೇ ಅದರ ಮಾನ ಹೋಯಿತು. ಅದು ಕರೆಂಟು ಮಷಿನ್ನಿಗೆ ಮರಳುವ ದಾರಿ. ಹೋದದ್ದು ಅಷ್ಟೂ ಆ ದಾರಿಯಲ್ಲೇ ಬರಬೇಕು. ಹೋಲ್ಡರಿಗೆ ಐವತ್ತು ಸ್ಕ್ವೇರ್ ಹಾಕಿ ಮರಳಲು ಯಾವುದೋ ಕಬ್ಬಿಣದ ಪಟ್ಟಿ, ಸರಳಿನ ತುಂಡು ಎಸೆಯುವುದೆಂದರೆ ಬೀಗರನ್ನು ಕಾರಿನಲ್ಲಿ ಕರೆತಂದು ಹಿಂದೆ ಕಳಿಸುವಾಗ ಚಕ್ಕಡಿ ಹತ್ತಿಸಿದ ಹಾಗೆ. ಕ್ಲಾಂಪನ್ನು ಬೆಸುಗೆಯ ಜಾಗಕ್ಕೆ ಆದಷ್ಟು ಹತ್ತಿರ ಕಚ್ಚಿಸಬೇಕು, ಬಣ್ಣ ತುಕ್ಕು ಕೆರೆದು ಬಿಳಿ ಕಬ್ಬಿಣ ಕಾಣಿಸಿದ ಮೇಲೆ. ಚಾಸಿಯ ಆ ತುದಿಗೆ ಕ್ಲಾಂಪ್ ಹಾಕಿ ಈ ತುದಿಯ ಚಕ್ರದ ಹಬ್ಬಿಗೆ ಬೆಸುಗೆ ಹಾಕಿದರೆ ಕರೆಂಟು ಬೇರಿಂಗಿನ ಗುಂಡುಗಳನ್ನೇ ದಾಟಿ ಬರುತ್ತದೆ, ಮುಟ್ಟಿದಲ್ಲೆಲ್ಲ ಸಣ್ಣ ಕಿಡಿ ಹಾರಿ ಗುಂಡಿನ ಮೈಮೇಲೆ ಸಿಡುಬು ಎದ್ದಂತಾಗುತ್ತದೆ. ಕನ್ನಡಿಯಂಥ ಒಂದು ಬೇರಿಂಗು ಹಾಗೆ ಹಾಳಾದದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ಮಾಲಕನಿಗಿಂತ ನನಗೇ ಹೆಚ್ಚು ನೋವಾಯಿತೆಂದು ಕಾಣುತ್ತದೆ.

ಈಗ ಜೋಡಣೆ. ಬರೆಯಲು ಕೂತದ್ದೇ ಇದಕ್ಕಾಗಿ.

ಮೊದಲ ಸಲ ನಾನೇ ಕೇಬಲ್ ಜೋಡಿಸಿದಾಗ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಎರಡು ತುದಿ ಸುಲಿದು, ಒಂದಕ್ಕೊಂದು ತಿರುವಿ, ಮೇಲೆ ಕರಿ ಟೇಪು. ಅರ್ಧ ಗಂಟೆಗೆ ಟೇಪು ಬೆವರಿತು, ಮುಕ್ಕಾಲು ಗಂಟೆಗೆ ಅದರೊಳಗಿಂದ ನೀಲಿ ಹೊಗೆ. ಪಕ್ಕದ ಮನೆಯವರು ಏನು ಸುಟ್ಟಿತೆಂದು ಗೋಡೆ ಮೇಲಿಂದ ಇಣುಕಿದರು. ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಜೋಡಣೆಯಲ್ಲಿ ಓಮಿನ ಸಾವಿರದಲ್ಲೊಂದು ಪಾಲಿನಷ್ಟೇ ಅಡ್ಡಿ ಇದ್ದರೂ 200 ಆಂಪಿಯರಿಗೆ ಅಲ್ಲಿ 40 ವಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರುತ್ತದಲ್ಲ, ಅಂಥದೊಂದನ್ನು ಟೇಪಿನೊಳಗೆ ಸುತ್ತಿ ಮರೆತ ಹಾಗೆ. ನನ್ನ ಜೋಡಣೆಯಲ್ಲಿ ಅದರ ಎಷ್ಟು ಪಟ್ಟು ಇತ್ತೋ!

ಸುಟ್ಟ ತುದಿ ಹಿಡಿದುಕೊಂಡು ಹೋದೆ. ಚಾಚಾ ಬೈಯಲಿಲ್ಲ. "ಕುಂದ್ರು" ಎಂದು ಒಂದು ಡಬ್ಬಿ ಎಳೆದುಕೊಟ್ಟರು. ಮೊದಲು ಸುಲಿಯುವುದು ತೋರಿಸಿದರು. ಚಾಕುವನ್ನು ರಬ್ಬರಿನ ಸುತ್ತ ಒಂದು ಸುತ್ತು ತರುತ್ತಾರೆ, ಆದರೆ ತಾಮ್ರದವರೆಗೆ ಇಳಿಸುವುದಿಲ್ಲ. ಕೂದಲೆಳೆಯಷ್ಟು ರಬ್ಬರು ಉಳಿಸುತ್ತಾರೆ. ಆಮೇಲೆ ಅಲ್ಲೇ ಬಗ್ಗಿಸಿದರೆ ಉಳಿದ ರಬ್ಬರು ತಾನೇ ಹರಿಯುತ್ತದೆ. ಒಂದು ಎಳೆಯೂ ಗಾಯವಾಗುವುದಿಲ್ಲ. ಸಿಪ್ಪೆ ಕಳಚಿದ ಕೂಡಲೇ ಅವರ ಬೆರಳು ತಾಮ್ರವನ್ನು ಅದರ ಹುರಿಯ ದಿಕ್ಕಿನಲ್ಲೇ ಒಮ್ಮೆ ಮೆಲ್ಲಗೆ ತಿರುವುತ್ತದೆ, ಜಡೆಯ ತುದಿ ಸರಿಮಾಡಿದ ಹಾಗೆ. ಆಮೇಲೆ ಲಗ್ಗು: ತವರ ಲೇಪಿಸಿದ ತಾಮ್ರದ ಕೊಳವೆ, ಒಂದು ತುದಿ ಚಪ್ಪಟೆಯಾಗಿ ನಡುವೆ ಬೋಲ್ಟಿನ ತೂತು. ಕೇಬಲಿಗೆ ಎಷ್ಟು ಸ್ಕ್ವೇರೋ ಲಗ್ಗಿಗೂ ಅಷ್ಟೇ. ದೊಡ್ಡ ಲಗ್ಗು ತಂದು ತಂತಿ ತುರುಕಿ ತುಂಬಿಸುವುದು, ಸಣ್ಣದು ತಂದು ಎಳೆ ಕತ್ತರಿಸಿ ಹೊಗಿಸುವುದು, ಎರಡೂ ಪಾಪದ ಕೆಲಸ. ಸರಿಯಾದ ಲಗ್ಗಿನೊಳಗೆ ತಾಮ್ರ ಹೋಗುವಾಗ ಒಂದು ಸಣ್ಣ ಬಿಗಿ ಇರುತ್ತದೆ, ಹೊಸ ಬಳೆ ಕೈಗೇರುವಾಗಿನ ಬಿಗಿ. ತಳ ಮುಟ್ಟಿತೋ ಇಲ್ಲವೋ ನೋಡಲು ಪಕ್ಕದಲ್ಲಿ ಸೂಜಿಗಣ್ಣಿನಂಥ ಕಿಂಡಿ. ಕಿಂಡಿಯಲ್ಲಿ ಕೆಂಪು ಮಿನುಗಿತು.

ಆಮೇಲೆ ಕ್ರಿಂಪಿಂಗ್. ಎಣ್ಣೆಯ ಒತ್ತಡದ ಕೈಮಷಿನ್. ಅದರ ಬಾಯಿಗೆ 50 ಎಂದು ಕೆತ್ತಿದ ಆರು ಮೂಲೆಯ ಅಚ್ಚು ಹಾಕಿ, ಲಗ್ಗನ್ನು ನಡುವೆ ಮಲಗಿಸಿ, ಹಿಡಿಕೆ ಆಡಿಸುತ್ತಾರೆ. ಒಂದು, ಎರಡು, ಮೂರು. ಹಿಡಿಕೆ ಭಾರವಾಗುತ್ತ ಬರುತ್ತದೆ. ದುಂಡಗಿನ ಕೊಳವೆ ನಿಮ್ಮ ಕಣ್ಣೆದುರೇ ಆರು ಮುಖ ತಾಳುತ್ತದೆ, ಸದ್ದಿಲ್ಲದೆ, ಬೆಣ್ಣೆಯನ್ನು ಒತ್ತಿದ ಹಾಗೆ. ಅಚ್ಚಿನ ಎರಡು ದವಡೆ ಒಂದಕ್ಕೊಂದು ತಾಗಿದಾಗ ಒಳಗೆಲ್ಲೋ ಟಪ್ ಎಂದು ಒತ್ತಡ ಬಿಡುತ್ತದೆ. ಚಾಚಾ ಆ ಸದ್ದಿಗೆ ಪ್ರತಿಸಲವೂ ತಲೆದೂಗುತ್ತಿದ್ದರು. ಸಂಗೀತ ಸಭೆಯಲ್ಲಿ ತಾಳದ ಸಮ ಬಿದ್ದಾಗ ಹಿರಿಯರು ತೂಗುತ್ತಾರಲ್ಲ, ಹಾಗೆ.

ಆ ಲಗ್ಗಿನೊಳಗೆ ಏನಾಯಿತು ಎಂಬ ಕುತೂಹಲ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಒಂದನ್ನು ಬಲಿ ಕೊಟ್ಟೆ. ಹ್ಯಾಕ್ಸಾದಿಂದ ಅಡ್ಡಕ್ಕೆ ಕೊಯ್ದು, ಅರ ಹಾಕಿ, ಒರಟು ಎಮರಿ, ನಯ ಎಮರಿ, ಕೊನೆಗೆ ಲೋಹ ಹೊಳೆಸುವ ಪಾಲಿಶ್. ಭೂತಗನ್ನಡಿ ಹಿಡಿದು ನೋಡುತ್ತೇನೆ, ದುಂಡಗಿನ ಎಳೆ ಒಂದೂ ಇಲ್ಲ! ಅಕ್ಕಪಕ್ಕದವು ಒತ್ತಿದ ಒತ್ತಿಗೆ ಪ್ರತಿಯೊಂದೂ ಐದು ಮೂಲೆ, ಆರು ಮೂಲೆ ತಾಳಿ, ಸಂದಿಲ್ಲದ ಹಾಗೆ ಕೂತಿವೆ. ಜೇನುಹುಟ್ಟಿನ ಚೂರೊಂದನ್ನು ತಾಮ್ರದಲ್ಲಿ ಎರಕ ಹೊಯ್ದ ಹಾಗೆ. ಎಳೆಗಳ ನಡುವೆ ಗಾಳಿಗೆ ಜಾಗವಿಲ್ಲ. ಗಾಳಿಯಿಲ್ಲದ ಕಡೆ ಕಿಲುಬು ಹಿಡಿಯುವುದೂ ಕಷ್ಟ. ಎರಡು ಬೆರಳಗಲದ ಆ ತುಂಡು ಈಗಲೂ ನನ್ನ ಬರೆಯುವ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು. ಬಂದವರು ಯಾವುದೋ ಪದಕ ಎಂದುಕೊಳ್ಳುತ್ತಾರೆ.

ಬೆಸುಗೆಯವರೇ ಕೆಲವರು ಲಗ್ಗಿಗೆ ಸೀಸ-ತವರ ಕರಗಿಸಿ ಹೊಯ್ಯುತ್ತಾರೆ. ನೋಡಲು ಚೆಂದ, ತುಂಬಿದ ದೀಪದ ಹಾಗೆ. ನನಗೆ ಮನಸ್ಸಿಲ್ಲ. ಕಾದರೆ ಕರಗುತ್ತದೆ. ಇನ್ನೊಂದು, ತವರ ಎಳೆಗಳ ಸಂದಿನಲ್ಲಿ ಮೇಲೇರಿ ಕೇಬಲನ್ನು ಒಂದೆರಡು ಬೆರಳು ಸೆಟೆಸಿಬಿಡುತ್ತದೆ. ಮೆತ್ತಗಿನದು ಮುಗಿದು ಸೆಟೆದದ್ದು ಶುರುವಾಗುವ ಆ ಗೆರೆಯಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುವವರ ಬಗ್ಗೆ ಮಾತಾಡುವುದೇ ಬೇಡ.

ಲಗ್ಗು ಮಷಿನ್ನಿನ ಬೋಲ್ಟಿಗೆ ಕೂರುವಾಗಲೂ ಒಂದು ಮರ್ಯಾದೆ ಇದೆ. ಲಗ್ಗಿನ ಚಪ್ಪಟೆ ಮುಖ ನೇರ ಮಷಿನ್ನಿನ ಹಿತ್ತಾಳೆ ಮುಖಕ್ಕೆ ತಾಗಬೇಕು, ವಾಶರುಗಳೆಲ್ಲ ಹೊರಗೆ, ನಟ್ಟಿನ ಕೆಳಗೆ. ನಡುವೆ ಒಂದು ಕಬ್ಬಿಣದ ವಾಶರ್ ನುಸುಳಿತೆಂದರೆ ಅಷ್ಟೂ ಕರೆಂಟು ಆ ಬಡಪಾಯಿಯ ಮೂಲಕವೇ ಹೋಗಬೇಕು. ನಮ್ಮೂರು ತಂಬೂರಿಯ ಊರು, ಆದ್ದರಿಂದ ಹೋಲಿಕೆ ಅಲ್ಲಿಂದಲೇ ಬರುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗಿಡುವ ಜೀವಾಳದ ದಾರ ಒಂದು ಕೂದಲಷ್ಟು ಸರಿದರೂ ನಾದ ಮಂಕಾಗುತ್ತದೆ. ದೊಡ್ಡ ಬುರುಡೆ, ಉದ್ದ ತಂತಿ, ಎಲ್ಲದರ ಹಣೆಬರಹ ಎರಡು ಮೈ ಮುಟ್ಟುವ ಆ ಒಂದು ಗೆರೆಯಲ್ಲಿ. ಮೂವತ್ತು ಮೀಟರ್ ಜವಾರಿ ತಾಮ್ರದ ಹಣೆಬರಹವೂ ಲಗ್ಗಿನ ಆ ರೂಪಾಯಿಯಗಲದ ಮುಖದಲ್ಲಿದೆ.

ಈಗಿನ ಇನ್ವರ್ಟರ್ ಮಷಿನ್ನುಗಳಲ್ಲಿ ಬೋಲ್ಟಿನ ಬದಲು ಗಂಡು-ಹೆಣ್ಣು ಕನೆಕ್ಟರ್. ಜರ್ಮನಿಯ ಡಿನ್ಸೆ ಕಂಪನಿಯ ಹೆಸರಲ್ಲೇ ಅದನ್ನು ಲೋಕವೆಲ್ಲ ಕರೆಯುತ್ತದೆ. ಹಳಬರು ಮೂಗು ಮುರಿಯುತ್ತಾರೆ, ನನಗಂತೂ ಇಷ್ಟವಾಯಿತು. ಹಿತ್ತಾಳೆಯ ದುಂಡು ಪಿನ್ನು, ಅದರ ಮೈಮೇಲೆ ಒಂದು ಸಣ್ಣ ಗುಬಟು. ಗುಬಟನ್ನು ಸಾಕೆಟ್ಟಿನ ತೋಡಿಗೆ ಹೊಂದಿಸಿ ಒಳಗೆ ತಳ್ಳಿ, ಬಲಕ್ಕೆ ತಿರುವಬೇಕು. ತಿರುವುತ್ತ ಹೋದಂತೆ ಒಳಗಿನ ಓರೆ ಹಾದಿ ಪಿನ್ನನ್ನು ತನ್ನತ್ತ ಎಳೆದುಕೊಂಡು ಮುಖಕ್ಕೆ ಮುಖ ಒತ್ತಿಸುತ್ತದೆ. ಆ ಕೊನೆಯ ಬಿಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳ ಸರಿಯಾಗಿ ಕೂತಾಗಿನ ಬಿಗಿ, ಮಣಿಕಟ್ಟಿಗೆ ಎಂಥ ಸಮಾಧಾನ ಕೊಡುತ್ತದೆ! ತಳ್ಳಿ ತಿರುವದೆ ಬಿಟ್ಟವರ ಕನೆಕ್ಟರುಗಳು ಕಪ್ಪಾಗಿ, ಹೊದಿಕೆ ಕರಗಿ, ಗುಜರಿಯವರ ತಕ್ಕಡಿ ಸೇರುತ್ತವೆ. ಯಾವ ತುದಿ ಪ್ಲಸ್ಸಿಗೆ, ಯಾವುದು ಮೈನಸ್ಸಿಗೆ ಎಂಬುದನ್ನು ರಾಡಿನ ಡಬ್ಬಿಯ ಮೇಲೆ ಓದಿಕೊಳ್ಳಿ. 7018 ರಾಡು ಡಿಸಿಯಲ್ಲಿ ಸಾಮಾನ್ಯವಾಗಿ ಪ್ಲಸ್ಸನ್ನು ಕೇಳುತ್ತದೆ, 6013 ಹೊಂದಿಕೊಂಡು ಹೋಗುವ ಸೊಸೆ.

ರಸಿಕನೆಂದು ಒಪ್ಪಬೇಕಾದರೆ ಕೊನೆಯ ಮೂರು ಮೀಟರ್ ನೋಡುತ್ತೇನೆ. ಮಷಿನ್ನಿನಿಂದ ಬರುವ ದಪ್ಪ ಕೇಬಲನ್ನು ಹೋಲ್ಡರಿನವರೆಗೂ ಹಾಗೇ ಎಳೆದು ತಂದವನು ಕೆಲಸ ಬಲ್ಲವನೇ ಇರಬಹುದು, ಆದರೆ ಅವನ ಮಣಿಕಟ್ಟಿನ ಮೇಲೆ ಯಾರೂ ಕನಿಕರ ಪಟ್ಟಿಲ್ಲ. ಚಾಚಾ ಐವತ್ತು ಸ್ಕ್ವೇರನ್ನು ಹೋಲ್ಡರಿಗೆ ಮೂರು ಮೀಟರ್ ಮೊದಲೇ ನಿಲ್ಲಿಸಿ, ಅಲ್ಲಿಂದ ಮುಂದೆ 35ರ, ಮತ್ತೂ ಮೆತ್ತಗಿನ ತುಂಡು ಜೋಡಿಸುತ್ತಿದ್ದರು. ಅಷ್ಟು ಗಿಡ್ಡ ತುಂಡಿನಲ್ಲಿ ಸೋರುವುದು ಅರ್ಧ ವೋಲ್ಟಿಗಿಂತ ಕಡಿಮೆ. ಸಿಗುವುದೇನು ಎಂದು ತಲೆಯ ಮೇಲಿನ ಬೆಸುಗೆ ಹಾಕುವಾಗ ನೋಡಬೇಕು. ತೋಳು ಮೇಲೆತ್ತಿ, ಕತ್ತು ಹಿಂದಕ್ಕೆ ವಾಲಿಸಿ, ಉರಿಯುವ ತುದಿಯನ್ನು ಕಾಳಿನಷ್ಟು ಅಂತರದಲ್ಲಿ ಹಿಡಿದು ನಿಲ್ಲುವಾಗ, ಹಿಂದಿನಿಂದ ಜಗ್ಗುವ ಕೇಬಲ್ ಇದೆ ಎಂಬುದೇ ಮರೆತುಹೋಗುತ್ತದೆ. ಕೈಗೆ ಹೋಲ್ಡರಿನ ತೂಕ ಮಾತ್ರ ಗೊತ್ತು, ಅದೂ ಸ್ವಲ್ಪ ಹೊತ್ತು. ಆಮೇಲೆ ರಾಡಿನ ತುದಿಯಲ್ಲಿ ಹೊಳೆಯುವ ಆ ಸಣ್ಣ ಕೊಳ ಒಂದೇ. ಕೊಳದ ಅಂಚು ಮಿಡಿಯುತ್ತದೆ, ನಿಧಾನಕ್ಕೆ ಸರಿಯುತ್ತದೆ, ಅದರ ಹಿಂದೆ ಸಾಲುಗಟ್ಟಿದ ಮೀನಿನ ಹುರುಪೆಗಳು ಹೆಪ್ಪುಗಟ್ಟುತ್ತ ಬರುತ್ತವೆ.

ಪುಸ್ತಕಗಳು ಈ ಕೊಳವನ್ನೇ ಹೊಗಳುತ್ತವೆ. 1880ರ ದಶಕದಲ್ಲಿ ಬೆನಾರ್ಡೋಸ್ ಎಂಬ ರಷ್ಯದವನು ಕಾರ್ಬನ್ ಕಡ್ಡಿಯ ತುದಿಯಲ್ಲಿ ಆರ್ಕ್ ಹಚ್ಚಿ ಕಬ್ಬಿಣ ಬೆಸೆದ, ಅದಕ್ಕೆ ಗ್ರೀಕರ ಕಮ್ಮಾರ ದೇವರ ಹೆಸರಿಟ್ಟ. 1904ರಲ್ಲಿ ಸ್ವೀಡನ್ನಿನ ಶೆಲ್‌ಬೆರಿ ಲೇಪ ಹಚ್ಚಿದ ರಾಡಿಗಾಗಿ ಕಂಪನಿಯನ್ನೇ ಕಟ್ಟಿದ. ಸರಿ, ಆದರೆ ಬೆನಾರ್ಡೋಸ್‌ನ ಕೇಬಲ್ ಎಷ್ಟು ದಪ್ಪವಿತ್ತು, ತುದಿಯನ್ನು ಹೇಗೆ ಕಟ್ಟಿದ್ದ, ಬಿಸಿಯಾದಾಗ ಏನು ಮಾಡಿದ? ನಾನು ಓದಿದ ಯಾವ ಪುಸ್ತಕವೂ ಈ ಬಗ್ಗೆ ಬಾಯಿ ಬಿಟ್ಟಿಲ್ಲ.

ಕೆಲಸ ಮುಗಿದ ಮೇಲೆ ಸುತ್ತಿಡುವುದು ನನಗೀಗ ಕೆಲಸದಷ್ಟೇ ಪ್ರೀತಿ. ಒಂದು ಸುತ್ತು ಎಂದಿನಂತೆ, ಮರುಸುತ್ತು ಕೈ ಒಳಮುಖ ಮಾಡಿ. ಹೀಗೆ ಸುತ್ತಿದರೆ ಹುರಿ ಸಿಕ್ಕುಗಟ್ಟುವುದಿಲ್ಲ, ಮರುದಿನ ಎಳೆದಾಗ ಕೇರೆಹಾವಿನ ಹಾಗೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಸುತ್ತುತ್ತಲೇ ಬೆರಳು ರಬ್ಬರಿನ ಮೈ ಓದುತ್ತಿರುತ್ತದೆ. ಸೀಳು ಸಿಕ್ಕರೆ ಅಲ್ಲೇ ನಿಲ್ಲಬೇಕು. ಬೆವರಿದ ಮೈಗೆ ಅದು ತಾಗಬಾರದು, ಗ್ಯಾಸ್ ಸಿಲಿಂಡರಿಗಂತೂ ಮೊದಲೇ ತಾಗಬಾರದು. ಎಲ್ಲಾದರೂ ಒಂದು ಕಡೆ ಕೇಬಲ್ ಸೊರಗಿದಂತೆ, ಒಳಗೆ ಪೊಳ್ಳಾದಂತೆ ಅನ್ನಿಸಿದರೆ ಅಲ್ಲಿ ಎಳೆಗಳು ತುಂಡಾಗಿವೆ. ಸಾಮಾನ್ಯವಾಗಿ ಹೋಲ್ಡರಿನ ಕುತ್ತಿಗೆಯ ಹತ್ತಿರ. ಒಂದು ಗೇಣು ಕತ್ತರಿಸಿ ಹಾಕಿ, ಹೊಸ ತುದಿ ಸುಲಿದರೆ ಒಳಗೆ ಮತ್ತೆ ಅದೇ ಗುಲಾಬಿ ಕೆಂಪು.

ಚಾಚಾ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಹೋದ ಆಯುಧ ಪೂಜೆಗೆ ಮನೆಗೆ ಬಂದಿದ್ದರು. ಹಿಂದಿನ ವಾರವೇ ತಂದ ಹೊಸ ಐವತ್ತು ಸ್ಕ್ವೇರು, ಲಗ್ಗೆಲ್ಲ ನಾನೇ ಒತ್ತಿದ್ದು. ಮಷಿನ್ನಿಗೆ ಚೆಂಡುಹೂವಿನ ಮಾಲೆ ಹಾಕುವ ಮೊದಲು ಮೊಮ್ಮಗಳ ಸೈಕಲ್ ಸ್ಟ್ಯಾಂಡ್ ಬೆಸೆಯುವುದಿತ್ತು. ನಾನು ಬೆಸೆಯುತ್ತಿದ್ದೆ, ಅವರು ಕುರ್ಚಿಯಲ್ಲಿ ಕೂತು ಆ ಕಡೆ ಮುಖ ಮಾಡಿ ಸದ್ದು ಮಾತ್ರ ಕೇಳುತ್ತಿದ್ದರು. ನಾಲ್ಕು ರಾಡು ಉರಿಸಿ ಮುಖವಾಡ ತೆಗೆದು ನೋಡುತ್ತೇನೆ, ಕುರ್ಚಿ ಖಾಲಿ. ಅವರು ಮಷಿನ್ ಹತ್ತಿರ ಮೊಣಕಾಲೂರಿ, ನಾನು ಕ್ರಿಂಪ್ ಮಾಡಿದ ಲಗ್ಗಿನಿಂದ ಶುರುಮಾಡಿ ಕೇಬಲ್ ಉದ್ದಕ್ಕೂ ಅಂಗೈ ಆಡಿಸುತ್ತ ನನ್ನತ್ತ ಬರುತ್ತಿದ್ದರು. ಜೋಡಣೆಯ ಹತ್ತಿರ ಒಂದು ಕ್ಷಣ ನಿಂತರು. ಅಂಗೈ ತೆಗೆದು ಮುಂಗೈ ಇಟ್ಟರು, ಮತ್ತೆ ಅಂಗೈ.

"ತಣ್ಣಗೈತಿ" ಎಂದರು, ಎದ್ದು ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ. "ಚಹಾ ಮಾಡಸು."